ನನ್ನ ಹೆಸರು ಬಿಟ್ಟ ದೇವಯ್ಯ

ಹೊಳೆನರಸೀಪುರದಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ದೇವಯ್ಯನ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಬರೆಯಲು ನನಗಿಂತ ಯೋಗ್ಯರು ಊರಿನಲ್ಲಿ ಇದ್ದಾರು. ಆದರೆ ಅವನ ಮೇಲೆ ನನ್ನಷ್ಟು ಕೂಗಾಡಿದವರು ಯಾರೂ ಇಲ್ಲ. ನಾಲ್ಕು ದಿನ ಅವನ ಟಿವಿಎಸ್ ಹಿಂದೆ ಕೂತು, ನಾಲ್ಕು ತಾಲ್ಲೂಕು ಸುತ್ತಿ, ಹೋದ ಹೋದ ಮನೆಯಲ್ಲೆಲ್ಲ ಅವನ ಮಾನ ಕಳೆದವನು ನಾನು. ಹೆಸರು ಚನ್ನಪ್ಪ, ನಿವೃತ್ತ ಮುಖ್ಯೋಪಾಧ್ಯಾಯ. ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮೂಗು ನನ್ನದು, ಅದರ ತುದಿಯಲ್ಲಿ ಏನಿರಬೇಕು ಎನ್ನುವುದು ನನಗೆ ಬಿಟ್ಟದ್ದು.

ದೇವಯ್ಯ ಹದಿನಾರನೇ ವಯಸ್ಸಿಗೆ ಹಾಸನದ ಒಂದು ಪ್ರೆಸ್ಸಿಗೆ ಸೇರಿದವನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುವುದು ಅವನ ಕೆಲಸ. ಅಲ್ಲಿ ಅವನಿಗೆ ತಲೆಕೆಳಗಾಗಿ ಓದುವ ವಿದ್ಯೆ ಬಂತು. ಇವತ್ತಿಗೂ ಟೀ ಅಂಗಡಿಯಲ್ಲಿ ಎದುರಿಗೆ ಕೂತವನು ಪೇಪರು ಹರಡಿಕೊಂಡರೆ, ಇವನು ಈಚೆ ಕಡೆಯಿಂದಲೇ ಓದಿ ಮುಗಿಸಿ, ಅವನಿಗಿಂತ ಮೊದಲು ಸುದ್ದಿ ಹೇಳಿ ಅವನ ಹೊಟ್ಟೆ ಉರಿಸುತ್ತಾನೆ.

ಕಂಪ್ಯೂಟರು ಬಂದ ಮೇಲೆ ಆ ಪ್ರೆಸ್ಸು ಮುಚ್ಚಿತು. ಕಾಲಲ್ಲಿ ತುಳಿದು ಓಡಿಸುವ ಹಳೆಯ ಟ್ರೆಡಲ್ ಮಿಷನ್ನು ಗುಜರಿಗೆ ಹೋಗುವುದರಲ್ಲಿತ್ತು. ದೇವಯ್ಯ ಅದನ್ನು ಕಾಡಿ ಬೇಡಿ ಪಡೆದು, ತೆಂಗಿನಕಾಯಿ ಲಾರಿಯಲ್ಲಿ ಕಾಯಿಗಳ ನಡುವೆ ಮಲಗಿಸಿಕೊಂಡು ಹೊಳೆನರಸೀಪುರಕ್ಕೆ ತಂದ. ತಂದದ್ದೇನೋ ಸರಿ, ಮಿಷನ್ನು ಅಲ್ಲಾಡಲಿಲ್ಲ. ಎರಡು ವರ್ಷ ಅದರ ಹೊಟ್ಟೆಯೊಳಗೆ ತಲೆ ಹಾಕಿ ಕೂತ. ಒಂದು ಗಾಲಿ ಪೂರ್ತಿ ಸವೆದಿತ್ತು, ಅಂಥದ್ದು ಎಲ್ಲೂ ಸಿಗಲಿಲ್ಲ. ಕೊನೆಗೆ ಚನ್ನರಾಯಪಟ್ಟಣದಲ್ಲಿ ಕೆಟ್ಟು ನಿಂತಿದ್ದ ಕಬ್ಬಿನ ಹಾಲಿನ ಗಾಡಿಯ ಹಲ್ಲಿನ ಗಾಲಿ ತಂದು ಕೂರಿಸಿದ. ಮಿಷನ್ನು ಓಡಿತು. ಆದರೆ ಆ ಗಾಲಿಗೆ ಕಟ್ಟಿದ್ದ ಗೆಜ್ಜೆ ಹಾಗೇ ಉಳಿಯಿತು. ಪ್ರತಿ ಸುತ್ತಿಗೂ ಝಲ್ ಎನ್ನುತ್ತದೆ. ಗೆಜ್ಜೆ ಬಿಚ್ಚಯ್ಯ ಎಂದರೆ, "ಅದ್ರ ಸದ್ದಲ್ಲೇ ನಾನು ಎಣಿಸ್ಕೊಳ್ಳೋದು ಮೇಷ್ಟ್ರೇ, ಬಿಚ್ಚುದ್ರೆ ಎಣಿಕೆ ತಪ್ತದೆ" ಎನ್ನುತ್ತಾನೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಜನವಾದರೂ ಒಳಗೆ ಬಂದು ಐಸ್ ಹಾಕದೆ ಒಂದು ಲೋಟ ಕೊಡಿ ಎಂದು ನಿಲ್ಲುತ್ತಾರೆ.

ಚೀಲದ ಮೇಲೆ, ಬ್ಯಾನರಿನ ಮೇಲೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗನ್ನು ಅವನು ತಾನೇ ಕಲಿತ. ಮರದ ಚೌಕಟ್ಟಿಗೆ ಜಾಲರಿಯಂಥ ಬಟ್ಟೆ ಬಿಗಿದು, ಅಕ್ಷರ ಇರುವ ಕಡೆ ಬಿಟ್ಟು ಮಿಕ್ಕದ್ದನ್ನೆಲ್ಲ ಮುಚ್ಚಿ, ಮೇಲೆ ಶಾಯಿ ಸುರಿದು ರಬ್ಬರ್ ಪಟ್ಟಿಯಲ್ಲಿ ಎಳೆದರೆ ಅಕ್ಷರ ಕೆಳಕ್ಕಿಳಿಯುತ್ತದೆ. ಮೊದಲ ಸಲ ಜಾಲರಿ ಸಿಗಲಿಲ್ಲವೆಂದು ಹೆಂಡತಿ ಮಲ್ಲಿಗಮ್ಮನ ರೇಷ್ಮೆ ಸೀರೆಯ ಸೆರಗು ಕತ್ತರಿಸಿದ. ಅಕ್ಷರವೂ ಇಳಿಯಲಿಲ್ಲ, ಮನೆಯಲ್ಲಿ ಎರಡು ದಿನ ಒಲೆಯೂ ಉರಿಯಲಿಲ್ಲ. ಸೆರಗಿಲ್ಲದ ಆ ಸೀರೆ ಈಗಲೂ ಅವರ ಬೀರುವಿನಲ್ಲಿದೆ. ದೇವಯ್ಯ ಏನಾದರೂ ಜಂಬ ಕೊಚ್ಚಲು ಶುರು ಮಾಡಿದರೆ ಮಲ್ಲಿಗಮ್ಮ ಎದ್ದು ಹೋಗಿ ಬೀರುವಿನ ಬಾಗಿಲು ತೆಗೆಯುತ್ತಾಳೆ.

ಅವನು ಜಂಬ ಪಡುತ್ತಿದ್ದದ್ದು ಒಂದೇ ಒಂದು ವಿಷಯಕ್ಕೆ. ನಮ್ಮ ಕಡೆ ಮದುವೆ ಕಾರ್ಡಿನಲ್ಲಿ ಗಂಡು ಹೆಣ್ಣಿನ ಹೆಸರು ಚಿಕ್ಕದಾಗಿದ್ದರೂ ನಡೆಯುತ್ತದೆ, ಕೆಳಗೆ ಬರುವ ನೆಂಟರ ಪಟ್ಟಿ ಮಾತ್ರ ಪೂರ್ತಿ ಇರಬೇಕು. ಚಿಕ್ಕಪ್ಪ, ದೊಡ್ಡಪ್ಪ, ಭಾವಮೈದ, ಭಾವಮೈದನ ಷಡ್ಡಕ, ಎಲ್ಲರೂ ಸುಖಾಗಮನ ಬಯಸಲೇಬೇಕು. ಒಬ್ಬನ ಹೆಸರು ಬಿಟ್ಟುಹೋದರೆ ಅವನು ಬರುವುದಿಲ್ಲ, ಅವನ ಹಿಂದೆ ಒಂದು ಮಿನಿ ಬಸ್ಸು ಜನ ಬರುವುದಿಲ್ಲ. ಮೂವತ್ತೈದು ವರ್ಷದಲ್ಲಿ ದೇವಯ್ಯ ಒಂದು ಹೆಸರನ್ನೂ ಬಿಟ್ಟವನಲ್ಲ. ಅಂಗಡಿಯ ಮುಂದೆ ಅವನೇ ಬರೆದು ಹಾಕಿಕೊಂಡಿದ್ದ ಬೋರ್ಡು ಇತ್ತು: "ಇಲ್ಲಿ ಯಾರ ಹೆಸರೂ ಬಿಡುವುದಿಲ್ಲ." ಆ ಬೋರ್ಡು ನೋಡಿಯೇ ಅರಕಲಗೂಡಿನಿಂದ ಕೂಡ ಜನ ಬರುತ್ತಿದ್ದರು.

ನನ್ನ ತಂಗಿ ಕಾಮಾಕ್ಷಮ್ಮನ ಮನೆ ನಮ್ಮ ಪಕ್ಕದ ಬೀದಿ. ಅವಳ ಮಗಳು ನಿಸರ್ಗಳಿಗೆ ಅರಕಲಗೂಡಿನ ದಿಲೀಪ್ ಜೊತೆ ಮದುವೆ ಗೊತ್ತಾಯಿತು. ಹುಡುಗಿಗೆ ಹಳೇ ಮಿಷನ್ನಿನಲ್ಲಿ ಒತ್ತಿದ ಕಾರ್ಡೇ ಬೇಕೆಂದು ಹಟ, ಮುಟ್ಟಿದರೆ ಅಕ್ಷರ ಕೈಗೆ ಸಿಗುತ್ತದಂತೆ. ದೇವಯ್ಯನಿಗೆ ಖುಷಿಯೋ ಖುಷಿ. ಎರಡು ದಿನದಲ್ಲಿ ಸೀಸದ ಅಕ್ಷರ ಜೋಡಿಸಿ, ಮೊದಲ ಪ್ರೂಫು ತೆಗೆದು, ತಪ್ಪು ನೋಡಿ ಸಹಿ ಹಾಕಿಕೊಡಿ ಎಂದು ನನ್ನ ಕೈಗೇ ಕೊಟ್ಟ. ಯಾಕೆಂದರೆ ಮನೆತನಕ್ಕೆಲ್ಲ ತಿದ್ದುವವನು ನಾನು. ಮೂವತ್ಮೂರು ವರ್ಷದ ಕೆಂಪು ಪೆನ್ನು ನನ್ನದು.

ಬಸ್ ಸ್ಟ್ಯಾಂಡಿನ ಹತ್ತಿರ ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ಆ ಪ್ರೂಫು ಓದಿದೆ. ಹದಿನೇಳು ಕಡೆ ತಿದ್ದಿದೆ, ಅದರಲ್ಲಿ ಐದಾರು ನಿಜವಾಗಿಯೂ ತಪ್ಪಾಗಿದ್ದವು. ಕೆಳಗೆ "ಸರಿಯಾಗಿದೆ" ಎಂದು ಬರೆದು ಸಹಿ ಜಡಿದು ಕಳಿಸಿದೆ. ಮಾರನೆಯ ದಿನ ದೇವಯ್ಯನ ಫೋನು ಬಂತು.

"ಮೇಷ್ಟ್ರೇ, ಪ್ರೂಪ್ನಾಗೆ ಒಂದು ಹೆಸ್ರು ವಿಚಾರ ಕೇಳ್ಬೇಕಿತ್ತು."

"ನೋಡು ದೇವಯ್ಯ, ಮೂವತ್ಮೂರು ವರ್ಷ ಪೇಪರ್ ತಿದ್ದಿದೀನಿ. ನಾನು ಗೀಟು ಹಾಕಿದ್ರೆ ಅದು ಗೀಟೇ. ಅಲ್ಲಿ ಇರೋ ಹಂಗೆ ಮಾಡು, ನನ್ನ ಕೇಳ್ಬೇಡ" ಎಂದು ಫೋನು ಇಟ್ಟೆ. ಟಿವಿಯಲ್ಲಿ ಕ್ರಿಕೆಟ್ಟು ನಡೆಯುತ್ತಿತ್ತು.

ಕಾರ್ಡುಗಳು ಬಂದವು. ಮೊದಲನೆಯದನ್ನು ದೇವರ ಮುಂದಿಟ್ಟು, ಎರಡನೆಯದನ್ನು ಮೂಲೆಗಳಿಗೆ ಅರಿಶಿನ ಹಚ್ಚಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ತಂಗಿ ನನಗೇ ತಂದುಕೊಟ್ಟಳು. ಸೋದರಮಾವ ಅಲ್ಲವೇ. ಧಾರೆ ಮಂಟಪಕ್ಕೆ ಹೆಣ್ಣನ್ನು ಕರೆತರುವವನು ನಾನು. ಹಿಂದೆ ಎತ್ತಿಕೊಂಡು ಬರುತ್ತಿದ್ದರು. ಈಗ ನನ್ನ ಸೊಂಟ ನೋಡಿ ಕೈ ಹಿಡಿದು ಕರೆತಂದರೆ ಸಾಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ. ಕಾರ್ಡನ್ನು ನಾನು ತೆಗೆದು ಓದಲಿಲ್ಲ. ಪ್ರೂಫನ್ನೇ ತಿದ್ದಿದವನು ಕಾರ್ಡು ಓದುವುದೇನಿದೆ. ದೇವರ ಗೂಡಿನಲ್ಲಿ ಇಟ್ಟೆ.

ಎಂಟು ದಿನ ಕಳೆದ ಮೇಲೆ ಪಕ್ಕದ ಮನೆಯ ದೊಡ್ಡಯ್ಯ ತನಗೆ ಬಂದ ಕಾರ್ಡು ಹಿಡಿದುಕೊಂಡು ನಮ್ಮ ಜಗಲಿಗೆ ಬಂದ. ಕನ್ನಡಕ ಸರಿಮಾಡಿಕೊಂಡು ಮೂರು ಸಲ ಮೇಲಿಂದ ಕೆಳಕ್ಕೆ ಓದಿದ.

"ಅಲ್ಲ ಮೇಷ್ಟ್ರೇ, ನಿಮ್ಮ ಹೆಸ್ರು ಎಲ್ಲೈತೆ?"

ಕಿತ್ತುಕೊಂಡು ನೋಡಿದೆ. ತಂಗಿಯ ಗಂಡನ ಅಣ್ಣನ ಮಗ ಮನು, ಇನ್ನೂ ಇಪ್ಪತ್ನಾಲ್ಕರ ಹುಡುಗ, ಅವನ ಹೆಸರಿತ್ತು. ದಿಲೀಪನ ಅತ್ತಿಗೆಯ ತಮ್ಮನ ಹೆಸರೂ ಇತ್ತು. ನನ್ನದು ಇರಲಿಲ್ಲ. ತಲೆ ಕೆಟ್ಟು ಕೆರ ಹಿಡಿದುಹೋಯಿತು. ಚಪ್ಪಲಿ ಹಾಕದೆ ತಂಗಿಯ ಮನೆಗೆ ಹೋಗಿ, ನಾನು ಮಂಟಪದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ಹೆಣ್ಣನ್ನು ಯಾರು ಬೇಕಾದರೂ ಕರೆತರಲಿ ಎಂದು ಕೂಗಿ ಬಂದೆ. ಮದುವೆಗೆ ಏಳು ದಿನ ಉಳಿದಿತ್ತು. ಕಾಮಾಕ್ಷಮ್ಮ ಅತ್ತಳು. "ಅಣ್ಣಯ್ಯ, ನಾನು ಬರೆದುಕೊಟ್ಟ ಚೀಟಿನಾಗೆ ನಿನ್ನ ಹೆಸ್ರು ಇತ್ತು ಕಣೋ" ಎಂದಳು. ಅಂದಮೇಲೆ ಬಿಟ್ಟವನು ದೇವಯ್ಯನೇ ಎಂದು ಅಲ್ಲೇ ತೀರ್ಪು ಕೊಟ್ಟೆ.

ಸಂಜೆ ದೇವಯ್ಯ ಬಂದ. ಜಗಲಿಯ ಕೆಳಗೇ ನಿಂತು, "ತಪ್ಪಾಯ್ತು ಮೇಷ್ಟ್ರೇ, ಎಲ್ಲ ಕಾರ್ಡು ಹೊಸದಾಗಿ ಒತ್ಕೊಡ್ತೀನಿ" ಎಂದ. ನನ್ನ ಹೆಂಡತಿ ಒಳಗಿಂದಲೇ ಬೇಡ ಎಂದಳು. ಒಂದು ಮದುವೆಗೆ ಒಂದೇ ಮನೆಗೆ ಎರಡು ಸಲ ಕಾರ್ಡು ಕೊಟ್ಟರೆ ಎರಡು ಮದುವೆ ಆಗುತ್ತದೆ ಎಂದು ನಮ್ಮಲ್ಲಿ ಹೆದರುತ್ತಾರೆ. ವಾಟ್ಸಾಪಿನಲ್ಲಿ ಹಾಕೋಣ ಎಂದ ಮನು. ವಾಟ್ಸಾಪಿನಲ್ಲಿ ಬಂದದ್ದು ಹೆಸರಲ್ಲ ಎಂದೆ. ಹೆಸರಿನ ಸ್ಟಿಕ್ಕರು ಅಂಟಿಸೋಣ ಎಂದ. ನಾನೇನು ಗ್ಯಾಸ್ ಸಿಲಿಂಡರಾ ಎಂದೆ.

"ಅಂಗಾದ್ರೆ ಕೊಟ್ಟಿರೋ ಕಾರ್ಡಿನ ಮ್ಯಾಲೇ ಓಗಿ ಒತ್ತಿ ಬತ್ತೀನಿ" ಎಂದ ದೇವಯ್ಯ.

ಎಲ್ಲರೂ ಅವನ ಮುಖ ನೋಡಿದರು. ಇನ್ನೂರ ಹತ್ತು ಕಾರ್ಡು, ನಾಲ್ಕು ತಾಲ್ಲೂಕು. ಟ್ರೆಡಲ್ ಮಿಷನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ, ಸ್ಕ್ರೀನ್ ಹೊತ್ತುಕೊಂಡು ಹೋಗಬಹುದು. ಮಾರನೆಯ ದಿನವೇ ಅಂಗೈಯಗಲದ ಚೌಕಟ್ಟು ಮಾಡಿ, ತಾರಸಿಯ ಬಿಸಿಲಿನಲ್ಲಿ ಹಿಡಿದು, ಅಕ್ಷರ ಮೂಡಿಸಿಕೊಂಡ: "ವಧುವಿನ ಸೋದರಮಾವ ಶ್ರೀ ಚನ್ನಪ್ಪ, ನಿವೃತ್ತ ಮುಖ್ಯೋಪಾಧ್ಯಾಯರು." ಕಾರ್ಡಿನಲ್ಲಿ ಜಾಗ ಖಾಲಿ ಇದ್ದದ್ದು ಒಂದೇ ಕಡೆ, ಗಣಪತಿಯ ಕೆಳಗೆ, ವಧೂವರರ ಹೆಸರಿನ ಮೇಲೆ. ಅಂಗಡಿಯಲ್ಲಿ ಬೇಗ ಒಣಗುವ ಶಾಯಿ ಇದ್ದದ್ದು ಒಂದೇ ಬಣ್ಣ, ಗೊಬ್ಬರದಂಗಡಿಯ ಚೀಲಕ್ಕೆ ತಂದಿದ್ದ ಗಿಳಿ ಹಸಿರು. ಮೊದಲ ಕಾರ್ಡಿನ ಮೇಲೆ ಒತ್ತಿ ತೋರಿಸಿದ. ದೂರದಿಂದ ನೋಡಿದರೆ ಮದುವೆ ನನ್ನದೇ ಅನ್ನಿಸುತ್ತಿತ್ತು. ನಾನು ಆಕ್ಷೇಪಣೆ ಎತ್ತಲಿಲ್ಲ.

ಅಂಗಡಿಯಿಂದ ಹೊರಟಾಗ ಗಮನಿಸಿದೆ, ಮುಂದಿದ್ದ ಬೋರ್ಡು ಇರಲಿಲ್ಲ. "ಬೋರ್ಡೆಲ್ಲಿ?" ಎಂದೆ. "ಒಳಗಿಟ್ಟಿವ್ನಿ" ಎಂದ. ಸರಿಯಾಗಿಯೇ ಮಾಡಿದ್ದಾನೆ ಅಂದುಕೊಂಡೆ.

ಅವನೊಬ್ಬನನ್ನೇ ಕಳಿಸಿದರೆ ಅರ್ಧ ಮನೆಗೆ ಹೋಗಿ ಪೂರ್ತಿ ಹೋದೆ ಅಂದಾನು ಎಂದು ನಾನೂ ಹೊರಟೆ. ಅವನು ಮುಂದೆ, ಕಾಲ ಸಂದಿನಲ್ಲಿ ಶಾಯಿಯ ಡಬ್ಬ. ನಾನು ಹಿಂದೆ, ಎರಡೂ ಕೈಯಲ್ಲಿ ಸ್ಕ್ರೀನ್ ಎತ್ತಿ ಹಿಡಿದು, ದೇವರ ಫೋಟೋ ಮೆರವಣಿಗೆ ಹೊರಟ ಹಾಗೆ. ಎದುರು ಬಂದ ಇಬ್ಬರು ಕೈಮುಗಿದರು.

ದುದ್ದದಲ್ಲಿ ನಮ್ಮ ದೂರದ ನೆಂಟಳು ಧನಲಕ್ಷ್ಮಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ದೇವಯ್ಯ ಚಾಪೆಯ ಮೇಲೆ ಕೂತು, ಮೊದಲು ರದ್ದಿ ಕಾಗದದ ಮೇಲೆ ಒಂದು ಎಳೆದು ನೋಡಿ, ಆಮೇಲೆ ಕಾರ್ಡಿನ ಮೇಲೆ ಎಳೆದ. ರದ್ದಿಯ ಮೇಲೆ ನೋಡದೆ ಅವನು ಯಾವ ಮನೆಯಲ್ಲೂ ಒತ್ತಲಿಲ್ಲ. ಧನಲಕ್ಷ್ಮಿ ಬಗ್ಗಿ ನೋಡಿದಳು.

"ಎಂಗೂ ಬಂದಿದ್ದೀರ, ನಮ್ಮೆಜಮಾನ್ರುದ್ದೂ ಒಂದು ಹಾಕ್ಬುಡಿ."

"ಇದ್ರಾಗೆ ಮೇಷ್ಟ್ರ ಹೆಸ್ರು ಒಂದೇ ಬರೋದು ಕಣವ್ವ."

"ಅಂಗಾರೆ ಇರಿ" ಎಂದು ಒಳಗೆ ಹೋಗಿ ಎರಡು ಬಿಳಿ ದಿಂಬಿನ ಕವರು ತಂದಳು. "ಇವುಕ್ಕೆ ಒತ್ಕೊಡಿ. ಅಕ್ಷರ ಏನಾರ ಇರ್ಲಿ, ಬಣ್ಣ ಚೆನ್ನಾಗದೆ."

ಅವಳ ಗಂಡ ಈಗ ದಿನಾ ನನ್ನ ಹೆಸರಿನ ಮೇಲೆ ಕೆನ್ನೆಯಿಟ್ಟು ಮಲಗುತ್ತಾನೆ. ಸಿಕ್ಕಿದಾಗ ನನ್ನನ್ನು ಸರಿಯಾಗಿ ಮಾತಾಡಿಸುವುದಿಲ್ಲ.

ಬಾಗೂರಿನ ಕೆಂಚಯ್ಯನ ಮನೆಯಲ್ಲಿ ಕಾರ್ಡೇ ಕಾಣಲಿಲ್ಲ. "ಎಲ್ಲೂ ಓಗಿಲ್ಲ ಮೇಷ್ಟ್ರೇ, ಉಪಯೋಗದಾಗದೆ" ಎಂದ. ಒಳಗೆ ಹೋಗಿ ನೋಡಿದರೆ ಕುಂಟುತ್ತಿದ್ದ ಮಂಚದ ಒಂದು ಕಾಲಿನ ಕೆಳಗೆ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ. ಮಂಚದ ಮೇಲೆ ಅವನ ತೊಂಬತ್ತರ ತಾಯಿ ಮಲಗಿದ್ದರು. ಏಳುವ ಹಾಗಿಲ್ಲ. ಅಜ್ಜಿಯ ಸಮೇತ ನಾನೂ ಕೆಂಚಯ್ಯನೂ ಮಂಚ ಎತ್ತಿದೆವು, ದೇವಯ್ಯ ಕೆಳಗೆ ತೂರಿ ಕಾರ್ಡು ಎಳೆದ. ಅಜ್ಜಿ ಕಣ್ಣು ಬಿಟ್ಟು, "ಈಗ್ಲೇ ಒಯ್ತಿದ್ದೀರೇನ್ಲಾ, ಕಾಫಿ ಕುಡ್ದು ಓಗಣ ತಡೀರಿ" ಎಂದರು. ನನ್ನ ಸೊಂಟ ಅವತ್ತೇ ಹೋದದ್ದು. ಹೆಸರು ಒತ್ತಿ ಒಣಗಿಸಿದ ಮೇಲೆ ಕೆಂಚಯ್ಯ ಕಾರ್ಡನ್ನು ಮತ್ತೆ ಮಡಿಚಿ ಅಲ್ಲೇ ಇಟ್ಟ.

ಹೋದ ಹೋದ ಮನೆಯಲ್ಲಿ ನಾನು ಮೊದಲು ಹೇಳುತ್ತಿದ್ದ ಮಾತು, "ಇವನೇ ನೋಡಿ, ನನ್ನ ಹೆಸರು ಬಿಟ್ಟವನು." ಹೇಳಿದಷ್ಟೂ ಸಮಾಧಾನ ಆಗುತ್ತಿತ್ತು. ಜನ ದೇವಯ್ಯನನ್ನು ಬಾಯಿಗೆ ಬಂದ ಹಾಗೆ ಅನ್ನುತ್ತಿದ್ದರು. ಸೋದರಮಾವನ ಹೆಸರು ಬಿಡ್ತಾರೇನಯ್ಯ, ಕಣ್ಣು ಕಾಣಲ್ವಾ, ಬೋರ್ಡು ಬೇರೆ ಕೇಡು ಎನ್ನುತ್ತಿದ್ದರು. ಅವನು ತಲೆ ಬಗ್ಗಿಸಿ ರಬ್ಬರ್ ಪಟ್ಟಿ ಎಳೆಯುತ್ತಿದ್ದ. ಚನ್ನರಾಯಪಟ್ಟಣದಲ್ಲಿ ಗೌತಮ್ ಎಂಬ ನಮ್ಮ ಸಂಬಂಧಿಕ ಹುಡುಗ ತನ್ನ ತಂಗಿಯ ಮದುವೆ ಕಾರ್ಡನ್ನು ದೇವಯ್ಯನಿಗೇ ಹೇಳಿದ್ದ. ನನ್ನ ಪ್ರವಚನ ಕೇಳಿಸಿಕೊಂಡು ದೇವಯ್ಯನ ಕಡೆ ತಿರುಗಿದ.

"ಬೇಜಾರ್ ಮಾಡ್ಕಬ್ಯಾಡಿ ಅಣ್ಣ. ನಮ್ ಕಡೆ ಹೆಸ್ರು ಜಾಸ್ತಿ. ಒಂದು ಓದ್ರೂ ಕಷ್ಟ. ಬೇರೆ ಕಡೆ ನೋಡ್ಕತೀವಿ."

"ಆಯ್ತು ಬುಡಪ್ಪ" ಎಂದ ದೇವಯ್ಯ. ಎಳೆಯುತ್ತಿದ್ದ ಕೈ ಅರ್ಧದಲ್ಲಿ ನಿಂತು, ಆ ಕಾರ್ಡಿನ ಮೇಲೆ ನನ್ನ ಹೆಸರಿನ ನಡುವೆ ಒಂದು ದಪ್ಪ ಗೆರೆ ಬಿತ್ತು. ಅವನ ಕೈಯಲ್ಲಿ ಕೆಟ್ಟದ್ದು ಅದೊಂದೇ. ಆಗ ನನಗೆ ಏನೂ ಅನ್ನಿಸಲಿಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಎರಡು ಇಡ್ಲಿ ಹೆಚ್ಚಿಗೆ ತಿಂದೆ.

ನಾಲ್ಕನೆಯ ದಿನ ಗೊರೂರು. ಅಣೆಕಟ್ಟೆಯ ಕ್ವಾರ್ಟರ್ಸಿನಲ್ಲಿ ಹನ್ನೊಂದು ಮನೆ ನೆಂಟರು. ಹನ್ನೊಂದು ಕಾರ್ಡನ್ನೂ ಒಟ್ಟಿಗೆ ಒತ್ತಿ ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದ. ಗಾಳಿ ಎಲ್ಲಿತ್ತೋ, ಬಂದು ಆರು ಕಾರ್ಡನ್ನು ಕಿತ್ತುಕೊಂಡು ಹೋಯಿತು. ಅರವತ್ತಾರರ ನಾನು ಪಂಚೆ ಎತ್ತಿ ಕಟ್ಟಿ ಓಡಿದೆ. ನಾಲ್ಕನ್ನು ಹಿಡಿದೆ, ಐದನೆಯದರ ಜೊತೆ ಕೆಸರಿಗೆ ಬಿದ್ದೆ. ಆರನೆಯದನ್ನು ಒಂದು ಹಸು ನೆಕ್ಕುತ್ತಿತ್ತು. ಎದ್ದು ನೋಡಿದರೆ ದೇವಯ್ಯ ತಂತಿ ಹಿಡಿದುಕೊಂಡು ನಗುತ್ತಿದ್ದ. ನಾಲ್ಕು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು. ನಾಲಿಗೆಯಲ್ಲಿ ಹಸಿರು ಅಂಟಿಸಿಕೊಂಡು ನಿಂತ ಹಸುವನ್ನು ನೋಡಿ ನನಗೂ ನಗು ಬಂತು. ಸಿಟ್ಟು ಬಿಟ್ಟುಕೊಡಬಾರದೆಂದು ಬೇರೆ ಕಡೆ ತಿರುಗಿ ನಕ್ಕೆ.

ಅಲ್ಲಿಂದ ಅರಕಲಗೂಡು. ಕೊನೆಯ ಮನೆಯ ಜಗಲಿಯಲ್ಲಿ ಕೂತೆವು. ಮನೆಯವರು ಕಾರ್ಡು ಹುಡುಕಲು ಒಳಗೆ ಹೋದರು. ಎಳೆದು ನೋಡುವ ರದ್ದಿ ಕಾಗದ ಮುಗಿದಿತ್ತು. ದೇವಯ್ಯ ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದ. ಅವನ ಚೀಲದಲ್ಲಿ ಇನ್ನೊಂದು ಹಾಳೆ ಸಿಗುತ್ತದೇನೋ ಎಂದು ಕೈ ಹಾಕಿದೆ. ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಟ್ಟ ಒಂದು ಕಾಗದ ಸಿಕ್ಕಿತು. ಬಿಡಿಸಿದೆ.

ಪ್ರೂಫು. ನನ್ನ ಕೆಂಪು ಪೆನ್ನು, ನನ್ನ "ಸರಿಯಾಗಿದೆ", ನನ್ನ ಸಹಿ. ನೆಂಟರ ಪಟ್ಟಿಯಲ್ಲಿ ನಾಲ್ಕನೆಯ ಸಾಲು ನನ್ನ ಹೆಸರು, ಆ ಮನುವಿನ ಕೆಳಗೆ. ಅದರ ಮೇಲೆ ನಾನೇ ಎಳೆದ ಕೆಂಪು ಗೀಟು. ಗೀಟಿನ ತುದಿಯಿಂದ ಒಂದು ಬಾಣ ಮೇಲಕ್ಕೆ ಹೊರಟು ಮೂಲೆಯ ಕಡೆ ಹೋಗಿತ್ತು. ಮೂಲೆ ಇರಲಿಲ್ಲ. ಹರಿದಿತ್ತು. ಹರಿದ ಅಂಚಿಗೆ ಎಣ್ಣೆ ಮೆತ್ತಿಕೊಂಡಿತ್ತು.

ಎಲ್ಲ ನೆನಪಿಗೆ ಬಂತು. ಸೋದರಮಾವನ ಹೆಸರು ಹುಡುಗನ ಕೆಳಗಾ ಎಂದು ಉರಿದು, ಅಲ್ಲಿ ಗೀಟು ಹಾಕಿ, ಬಾಣ ಎಳೆದು, ಮೇಲಿನ ಮೂಲೆಯಲ್ಲಿ "ಇದು ಎಲ್ಲರಿಗಿಂತ ಮೊದಲು ಬರಲಿ" ಎಂದು ಬರೆದಿದ್ದೆ. ಆಮೇಲೆ ಬಜ್ಜಿಯ ಎಣ್ಣೆ ಕೈಗೆ ಅಂಟಿತ್ತು. ಕೈ ಒರೆಸಿಕೊಳ್ಳಲು ಹರಿದದ್ದು ಅದೇ ಮೂಲೆಯನ್ನು. ನನ್ನ ಹೆಸರಿಗೆ ಗೀಟು ಹಾಕಿದವನೂ ನಾನೇ, ಎಲ್ಲಿ ಹಾಕಬೇಕೆಂದು ಹೇಳಿದ್ದನ್ನು ಉಂಡೆ ಮಾಡಿ ಚರಂಡಿಗೆ ಎಸೆದವನೂ ನಾನೇ. ಕೇಳಲು ಫೋನು ಮಾಡಿದವನ ಬಾಯಿ ಮುಚ್ಚಿಸಿದವನೂ ನಾನೇ.

ದೇವಯ್ಯ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದ. "ಅದ್ರ ಮ್ಯಾಲೆ ಒತ್ಬ್ಯಾಡಿ ಮೇಷ್ಟ್ರೇ, ಅದು ಬ್ಯಾರೆ" ಎಂದ.

"ಮೊದ್ಲೇ ಯಾಕೆ ತೋರಿಸ್ಲಿಲ್ಲ?"

"ತೋರ್ಸಿದ್ರೆ ಒಪ್ತಿದ್ರಾ?"

ಒಪ್ಪುತ್ತಿರಲಿಲ್ಲ. ಪೆನ್ನಿನದು ತಪ್ಪು ಎನ್ನುತ್ತಿದ್ದೆ, ಬಜ್ಜಿಯವನದು ತಪ್ಪು ಎನ್ನುತ್ತಿದ್ದೆ.

"ಎಲ್ಲಾರ ಮುಂದೆ ತೋರ್ಸಿದ್ರೆ ನೀವು ಇನ್ನೂ ಸಿಟ್ಟಾಗಿ ಮದ್ವೇಗೇ ಬತ್ತಿರ್ಲಿಲ್ಲ. ಆ ಮಗ ಕಾರ್ಡು ಮಾಡ್ಸಕ್ಕೆ ಬಂದಾಗ, ನಮ್ಮ ಮಾವನೇ ನನ್ನ ಮಂಟಪಕ್ಕೆ ಕರ್ಕೊಂಡು ಬರೋದು ಅಂತ ಎರಡು ಸಲ ಅಂದ್ಲು. ಅದು ನಡೀಲಿ ಅಂತ ಸುಮ್ಕಾದೆ. ನಾನೂ ಫೋನ್ನಾಗೆ ಇನ್ನೊಂದ್ಸಲ ಕೇಳ್ಬೇಕಿತ್ತು. ಅದು ನನ್ ತಪ್ಪೇ."

"ಬೋರ್ಡು ಯಾಕೆ ಇಳಿಸ್ದೆ ಹಂಗಾದ್ರೆ?"

"ಕಾರ್ಡು ಒತ್ತಿದ್ದು ನಾನಲ್ವಾ" ಎಂದ. ಮನೆಯವರು ಕಾರ್ಡು ತಂದರು. ಅವನು ಅಂಗೈಯ ಮೇಲೆ ಒಂದು ಎಳೆದು ನೋಡಿ, ಆಮೇಲೆ ಕಾರ್ಡಿನ ಮೇಲೆ ನನ್ನ ಹೆಸರು ಒತ್ತಿದ.

ಅರಕಲಗೂಡಿನಿಂದ ವಾಪಸ್ಸು ಹೊರಟೆವು. ಮೂವತ್ಮೂರು ವರ್ಷ ಮಕ್ಕಳ ತಪ್ಪಿಗೆ ಗೀಟು ಹಾಕಿದವನು ಒಂದು ಸಲವೂ ತರಗತಿಯ ಮುಂದೆ ನನ್ನದು ತಪ್ಪು ಎಂದವನಲ್ಲ. ಇನ್ನೂರ ಹತ್ತು ಮನೆಯಲ್ಲಿ ಒಬ್ಬ ಕಸುಬುದಾರನ ಹೆಸರು ಕೆಡಿಸಿದ್ದೆ. ಮತ್ತೆ ಇನ್ನೂರ ಹತ್ತು ಮನೆಗೆ ಹೋಗಲು ಮದುವೆಗೆ ಎರಡೇ ದಿನ ಉಳಿದಿತ್ತು, ಸೊಂಟ ಪೂರ್ತಿ ಹೋಗಿತ್ತು.

ಅಂಗಡಿಗೆ ಬಂದಾಗ ಮೂಲೆಯಲ್ಲಿ ಮದುವೆಯ ತಾಂಬೂಲದ ಚೀಲಗಳು ಕಂಡವು. ಊಟ ಮಾಡಿ ಹೋಗುವವರಿಗೆ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಕೊಡುವ ಬಟ್ಟೆ ಚೀಲ, ಆರು ನೂರು. ಒಂದು ಮಗ್ಗುಲಿಗೆ ನಿಸರ್ಗ ಮತ್ತು ದಿಲೀಪ್ ಎಂದು ಆಗಲೇ ಒತ್ತಿದ್ದ. ಇನ್ನೊಂದು ಮಗ್ಗುಲು ಖಾಲಿ ಇತ್ತು.

"ದೇವಯ್ಯ, ನನ್ನ ಹೆಸರಿನ ಸ್ಕ್ರೀನ್ ಇದೆಯಲ್ಲ. ಅದರ ಮೇಲೆ ಬರೋ ಹಂಗೆ ಇನ್ನೊಂದು ಸಾಲಿನ ಸ್ಕ್ರೀನ್ ಮಾಡು" ಎಂದು ಚೀಟಿ ಬರೆದುಕೊಟ್ಟೆ: "ಕಾರ್ಡಿನಲ್ಲಿ ಹೆಸರು ಬಿಟ್ಟುಹೋದ ತಪ್ಪು ನನ್ನದು, ದೇವಯ್ಯನವರದಲ್ಲ."

ಓದಿ ಗಾಬರಿಯಾದ. "ಮದ್ವೆ ಚೀಲದ ಮ್ಯಾಲೆ ಇಂಥವೆಲ್ಲ ಬ್ಯಾಡ ಮೇಷ್ಟ್ರೇ. ನಿಮ್ಮ ತಂಗಿಯಮ್ಮ ಏನಂದಾರು." ಅಲ್ಲೇ ನಿಸರ್ಗಳಿಗೆ ಫೋನು ಹಚ್ಚಿ ನಡೆದದ್ದನ್ನೆಲ್ಲ ಹೇಳಿದೆ. ಹುಡುಗಿ ನಕ್ಕೂ ನಕ್ಕೂ ಬಿಕ್ಕಳಿಕೆ ತಂದುಕೊಂಡು, "ದೊಡ್ಡ ಅಕ್ಷರದಲ್ಲಿ ಹಾಕ್ಸಿ ಮಾವ, ಅಮ್ಮನಿಗೆ ನಾನು ಹೇಳ್ತೀನಿ" ಎಂದಳು. ದೇವಯ್ಯ ಚೌಕಟ್ಟು ತೆಗೆದು ಅಳತೆ ನೋಡಿದ.

"ಜಾಗ ಸಾಲಕಿಲ್ಲ. ನವರು ಗಿವರು ಯಾಕೆ, ದೇವಯ್ಯ ಅಂತ ಇದ್ರೆ ಸಾಕು."

"ಅದು ಇರಲೇಬೇಕು. ಅಕ್ಷರ ಸಣ್ಣದು ಮಾಡು. ನನ್ನ ಹೆಸರಿನ ಮುಂದೆ ಶ್ರೀ ಇದೆಯಲ್ಲ, ಅದಕ್ಕೆ ಟೇಪು ಹಚ್ಚಿ ಮುಚ್ಚು. ಸ್ವಲ್ಪ ಜಾಗ ಆಗುತ್ತೆ."

ನನ್ನ ಮುಖ ಒಂದು ಸಲ ನೋಡಿ, ಟೇಪು ಕತ್ತರಿಸಿ ಶ್ರೀಯ ಮೇಲೆ ಅಂಟಿಸಿದ. ಚೀಟಿಯನ್ನು ತಿದ್ದಲು ನನಗೆ ಕೊಡಲಿಲ್ಲ, ಮಲ್ಲಿಗಮ್ಮನಿಗೆ ಕೊಟ್ಟ. ಆಕೆ ಬೆರಳಿಟ್ಟು ಓದಿ, "ಈಗ ಸರಿಯಾಗದೆ" ಎಂದಳು.

ಚೀಲಗಳನ್ನು ನಾನೇ ಒತ್ತುತ್ತೇನೆ ಎಂದು ಹಟ ಹಿಡಿದೆ. ನೋಡಿದಷ್ಟು ಸುಲಭವಲ್ಲ. ರಬ್ಬರ್ ಪಟ್ಟಿಯನ್ನು ಸ್ವಲ್ಪ ವಾಲಿಸಿ ಹಿಡಿದು ಒಂದೇ ಎಳೆತಕ್ಕೆ ಎಳೆಯಬೇಕು, ನಡುವೆ ಉಸಿರು ಬಿಟ್ಟರೂ ಅಕ್ಷರ ಕದಡುತ್ತದೆ. ಮೊದಲ ಇಪ್ಪತ್ತು ಚೀಲದಲ್ಲಿ ತಪ್ಪು ಯಾರದೆಂದೇ ತಿಳಿಯುತ್ತಿರಲಿಲ್ಲ. "ಒತ್ಬ್ಯಾಡಿ ಮೇಷ್ಟ್ರೇ, ಎಳೀರಿ. ಹಿಂಡಕ್ಕೆ ಇದೇನು ಮಕ್ಕಳ ಕಿವಿಯಾ" ಎಂದು ದೇವಯ್ಯ ಬೈದ. ಮೂವತ್ಮೂರು ವರ್ಷ ಆದ ಮೇಲೆ ನನಗೊಬ್ಬ ಮೇಷ್ಟ್ರು ಸಿಕ್ಕಿದ. ಎರಡು ದಿನದಲ್ಲಿ ಆರು ನೂರು ಚೀಲ ಮುಗಿಸಿದೆವು. ಕೆಟ್ಟ ಇಪ್ಪತ್ತರಲ್ಲಿ ನನ್ನ ಹೆಂಡತಿ ಈಗ ರಾಗಿ ಹಿಟ್ಟು ಇಡುತ್ತಾಳೆ.

ಮದುವೆಯ ದಿನ ಎಷ್ಟು ತಿಕ್ಕಿದರೂ ನನ್ನ ಬೆರಳಿನ ಹಸಿರು ಹೋಗಲಿಲ್ಲ. ಅದೇ ಕೈಯಲ್ಲಿ ನಿಸರ್ಗಳ ಕೈ ಹಿಡಿದು ಮಂಟಪಕ್ಕೆ ಕರೆತಂದೆ. ಅವಳು ನನ್ನ ಬೆರಳು ನೋಡಿ ನಗು ತಡೆಯಲು ತುಟಿ ಕಚ್ಚಿಕೊಂಡಳು, ಹೆಣ್ಣು ಅಳುತ್ತಿದ್ದಾಳೆ ಎಂದು ನೆಂಟರು ಕಣ್ಣೊರೆಸಿಕೊಂಡರು. ನನಗೆ ಮಾತ್ರ ನಿಜವಾಗಿಯೂ ಅಳು ಬಂದಿತ್ತು. ಊಟವಾದ ಮೇಲೆ ಬಾಗಿಲಲ್ಲಿ ಚೀಲ ಹಂಚಿದರು. ಜನ ಮೊದಲು ತೆಂಗಿನಕಾಯಿ ಅಲ್ಲಾಡಿಸಿ ನೋಡಿದರು, ಆಮೇಲೆ ಚೀಲ ಓದಿದರು, ಆಮೇಲೆ ತಿರುಗಿ ನನ್ನನ್ನು ನೋಡಿದರು. ಗೌತಮ್ ಚೀಲ ಹಿಡಿದುಕೊಂಡು ಸೀದಾ ದೇವಯ್ಯನ ಹತ್ತಿರ ಹೋಗಿ ಬಹಳ ಹೊತ್ತು ಮಾತಾಡಿದ. ವಾರದೊಳಗೆ ನೂರ ನಲವತ್ತು ಹೆಸರಿನ ಪಟ್ಟಿ ತಂದುಕೊಟ್ಟ. ಬೋರ್ಡನ್ನು ಮತ್ತೆ ಮೇಲೇರಿಸಲು ಏಣಿ ಹಿಡಿದುಕೊಂಡವನು ನಾನು.

ಈಗಲೂ ದಿನಾ ಅಂಗಡಿಗೆ ಹೋಗುತ್ತೇನೆ. ಮಿಷನ್ನಿನ ಪೆಡಲ್ ತುಳಿಯಲು ಬಿಡುತ್ತಾನೆ, ಪ್ರೂಫು ಮುಟ್ಟಲು ಬಿಡುವುದಿಲ್ಲ. ಬಟ್ಟೆ ಚೀಲ ಬೇಗ ಹರಿಯುವಂಥದ್ದಲ್ಲ. ನಾಲ್ಕು ತಾಲ್ಲೂಕಿನ ಸಂತೆಯಲ್ಲೂ ನನ್ನ ತಪ್ಪೊಪ್ಪಿಗೆಯ ಒಳಗೆ ಟೊಮೆಟೊ, ಒಣಮೆಣಸಿನಕಾಯಿ ತಿರುಗಾಡುತ್ತಿವೆ. ಹೋದ ವಾರ ಅರಕಲಗೂಡಿನ ಬಸ್ಸಿನಲ್ಲಿ ಒಬ್ಬ ಹೆಂಗಸು ಅವರೆಕಾಯಿ ತುಂಬಿದ ಚೀಲ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತಳು. ಕಂಡಕ್ಟರು ನನ್ನನ್ನು ಚನ್ನಪ್ಪ ಮೇಷ್ಟ್ರೇ ಎಂದು ಕರೆದದ್ದು ಕೇಳಿ, ಚೀಲ ಓದಿದಳು, ನನ್ನನ್ನು ನೋಡಿದಳು.

"ಸಾ, ಇದು ನೀವೇನಾ?"

"ನಾನೇ ಕಣಮ್ಮ."

"ಅಂಥದ್ದೇನ್ ತಪ್ ಮಾಡಿದ್ರಿ?"

ಬಜ್ಜಿಯಿಂದ ಹಿಡಿದು ಎಲ್ಲ ಹೇಳಿದೆ. ಕಥೆ ಮುಗಿಯುವ ಹೊತ್ತಿಗೆ ಹೊಳೆನರಸೀಪುರ ಬಂದಿತ್ತು. ಅವಳು ಚೀಲ ಎತ್ತಿಕೊಂಡು ನನ್ನ ಹಿಂದೆಯೇ ಇಳಿದಳು.

"ನಮ್ ಹುಡುಗುನ್ ಮದ್ವೆ ಕಾರ್ಡೂ ಅವ್ರತ್ರನೇ ಮಾಡ್ಸ್ತೀವಿ. ಅಂಗ್ಡಿ ತೋರ್ಸಿ ಸಾ. ಪ್ರೂಪು ಮಾತ್ರ ನೀವು ನೋಡ್ಬ್ಯಾಡಿ."

ನೋಡುವುದಿಲ್ಲ ಎಂದು ಮಾತು ಕೊಟ್ಟು ಕರೆದುಕೊಂಡು ಹೋದೆ. ಅಂಗಡಿಯ ಮುಂದೆ ಬೋರ್ಡು ತೂಗುತ್ತಿತ್ತು, ಒಳಗೆ ಮಿಷನ್ನು ಝಲ್ ಝಲ್ ಎಂದು ಓಡುತ್ತಿತ್ತು. ಅವಳು ಬೋರ್ಡು ಓದಲಿಲ್ಲ. ಸದ್ದು ಕೇಳಿ ಬೆವರು ಒರೆಸಿಕೊಂಡು, "ಮೊದ್ಲು ಒಂದೊಂದ್ ಲೋಟ ಕಬ್ಬಿನಾಲು ಕುಡ್ಯಣ ಬನ್ನಿ ಸಾ" ಎಂದಳು.